ಮುಷ್ಟಿಯಷ್ಟು ಚೀಲ

ಅವನ ಬಲಗೈಯ ಗೆಣ್ಣುಗಳ ಮೇಲೆ ಚರ್ಮ ನಿಂತದ್ದನ್ನು ನಾನು ಕಂಡಿಲ್ಲ. ಅರ್ಧ ಸ್ಪ್ಯಾನರ್ ಜಾರಿ ಕಿತ್ತದ್ದು, ಅರ್ಧ ಬೇರೆಯವರ ಹಲ್ಲು ತಾಗಿ ಕಿತ್ತದ್ದು. ಅದೇ ಕೈಯಲ್ಲಿ ಸೈಕಲ್ ಟ್ಯೂಬಿಗೆ ಪಂಕ್ಚರಿನ ಅಂಟು, ಸೊಲ್ಯೂಷನ್, ಹಚ್ಚುವಾಗ ಮಾತ್ರ ನಿಧಾನ. ಮನುಷ್ಯರನ್ನು ಮುಟ್ಟುವಾಗ ಆ ನಿಧಾನ ಇರಲಿಲ್ಲ.

ಮರಾಠಿ ಸೀಮೆಯ ಘಣಸೋಲಿ ಊರಿನೊಳಗೆ, ನಮ್ಮ ಸಾಲುಮನೆಯ ಚಾಳಿನ ಪಕ್ಕದ ಗಲ್ಲಿಯಲ್ಲಿ ಅವನ ಸೈಕಲ್ ಅಂಗಡಿ. ಬಿಜಾಪುರದ ಕಡೆಯವನು. ಬಾಡಿಗೆ ಸೈಕಲ್ಲನ್ನು ಡೊಂಕು ಮಾಡಿ ತಂದವನ ಕೆನ್ನೆಗೆ ಮೊದಲು ಒಂದು ಬಿಗಿದು, ಆಮೇಲೆ ಏನಾಯಿತು ಎಂದು ಕೇಳುತ್ತಿದ್ದ. ಒಮ್ಮೆ ರಿಕ್ಷಾದವನೊಬ್ಬ ಅಂಗಡಿಯ ಮುಂದೆ ಉಗುಳಿದ ಎಂದು ಅವನ ತಲೆಯನ್ನು ಪಂಕ್ಚರ್ ನೋಡುವ ನೀರಿನ ಬೋಗುಣಿಯಲ್ಲಿ ಅದ್ದಿ ಹಿಡಿದ. ಬಿಡಿಸಲು ನಾಲ್ಕು ಜನ ಬೇಕಾಯಿತು.

ನಾನು ಆಗ ಮಹಾಪೆಯ ಒಂದು ಕ್ಯಾಂಟೀನಿಗೆ ತರಕಾರಿ ಹೆಚ್ಚಲು ಹೋಗುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಅಲ್ಲಿರಬೇಕು. ಅಷ್ಟು ಬೇಗ ಬಸ್ಸಿಲ್ಲ, ಸೈಕಲ್ಲೇ ಗತಿ. ಗಂಡ ಕೆಲಸಕ್ಕಿದ್ದ ಹೋಟೆಲ್ ಮುಚ್ಚಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಕೂತು ಕುಡಿಯುತ್ತಿದ್ದರು, ಕುಡಿದು ಹೊಡೆಯುತ್ತಿದ್ದರು. ಹೆಂಡತಿ ಸೈಕಲ್ ಹತ್ತಿ ಹೋಗುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ. ಮಗಳು ಇನ್ನೂ ಶಾಲೆಯಲ್ಲಿದ್ದಳು. ನನ್ನ ಕೆಲಸ ಹೋದರೆ ಮೂರು ಹೊಟ್ಟೆಗೂ ಬೇರೆ ದಾರಿಯಿಲ್ಲ.

ಒಂದೇ ವಾರದಲ್ಲಿ ಎರಡು ಸಲ ಹಿಂದಿನ ಚಕ್ರ ಪಂಕ್ಚರ್ ಆಯಿತು. ಎರಡು ಸಲವೂ ತಡವಾಗಿ ಹೋದೆ. ಇನ್ನೊಂದು ಸಲ ತಡವಾದರೆ ಬರುವುದೇ ಬೇಡ ಎಂದು ಕಂಟ್ರಾಕ್ಟರ್ ಹೇಳಿಬಿಟ್ಟ.

ಸೈಕಲಿನವನು ಟೈರು ತಿರುಗಿಸಿ ನೋಡಿ, ನನ್ನ ಮುಖ ನೋಡಿದ.

“ಮನ್ಯಾಗ ಯಾರ್ಯಾರ ಅದೀರಿ?”

“ಅದೆಂತಕ್ಕೆ ನಿಮಗೆ? ರಸ್ತೆಯಲ್ಲಿ ಮೊಳೆ ಇತ್ತು, ಚುಚ್ಚಿತು.”

ಅವನು ನನ್ನ ಮಣಿಕಟ್ಟು ಹಿಡಿದೆಳೆದು ಬೆರಳನ್ನು ಟೈರಿನ ಬದಿಗೆ ಒತ್ತಿದ. “ರಸ್ತಾದ ಮೊಳಿ ಕೆಳಗಿಂದ ಹೋಗ್ತದ. ಇದು ಬಗಲಾಗಿಂದ ಹೋಗ್ಯದ. ಗೋಣಿ ಹೊಲಿಯೋ ದಬ್ಬಳ. ಹ್ವಾದ ಸಲಾನೂ ಹಿಂಗ ಇತ್ತು. ನಿನ್ನ ಗಂಡನ ಕೆಲಸ ಇದು.”

“ಕಣ್ಣಲ್ಲಿ ನೋಡಿದವರ ಹಾಗೆ ಹೇಳ್ತೀರಲ್ಲ!”

“ನೋಡೂದೇನು, ಮಾಡೀನಿ. ನನ್ನ ಹೇಣ್ತಿ ವಾಶಿಗೆ ಕೆಲಸಕ್ಕ ಹೋಗ್ತಿದ್ಲು. ಹೊಡದೆ, ಕೇಳಲಿಲ್ಲ. ಗಾಲಿ ಚುಚ್ಚಿದೆ. ಒಂದಿನ ಸೈಕಲ್ ಬಿಟ್ಟು ನಡಕೊಂತ ಹ್ವಾದ್ಲು. ಹೊಳ್ಳಿ ಬರಲಿಲ್ಲ.”

ಹೇಳುವಾಗ ಅವನಿಗೆ ನಾಚಿಕೆಯೂ ಇರಲಿಲ್ಲ, ದುಃಖವೂ ಕಾಣಲಿಲ್ಲ. “ಪಂಕ್ಚರ್ ಹಾಕೂದು ನೀನ ಕಲಿ” ಎಂದ ಅಷ್ಟೆ.

ಸೀಟಿನ ಕೆಳಗೆ ಕಟ್ಟುವ ಮೂರು ಚೀಲಗಳನ್ನು ಉಲ್ಹಾಸನಗರದಿಂದ ತಂದು ಗೂಟಕ್ಕೆ ತೂಗುಹಾಕಿದ್ದ. ನಾನು ದೊಡ್ಡದಕ್ಕೆ ಕೈ ಹಾಕಿದೆ, ಬುತ್ತಿಯೂ ಹಿಡಿಯುತ್ತದೆ ಎಂದು. ಅವನು ಕಸಿದು ರಸ್ತೆಗೆ ಎಸೆದ.

“ಜೋಳಿಗಿ ಬೇಕೇನು ನಿನಗ? ಗಾಲಿಗೆ ತಿಕ್ಕತದ, ತೊಡಿಗೆ ಬಡೀತದ. ಮನ್ಯಾಗ ಎಲ್ಲಿ ಮುಚ್ಚಿಡ್ತಿ? ಸೈಕಲ್ ಮ್ಯಾಲ ಬಿಟ್ರ ಅವನ ಕೈಗೇ ಕೊಟ್ಟಂಗ.”

ಎರಡನೆಯದಕ್ಕೆ ಅಂಟುಪಟ್ಟಿ ಇತ್ತು. ಅದನ್ನು ನನ್ನ ಕಿವಿಯ ಹತ್ತಿರ ಹಿಡಿದು ಚರ್ರೆಂದು ಕಿತ್ತ. “ಬಾಗಲದಾಗ ಹಿಂಗಂದ್ರ ಸತ್ತಂವನೂ ಏಳ್ತಾನ.”

ಉಳಿದದ್ದು ಮುಷ್ಟಿಯಷ್ಟು ಕರಿ ಚೀಲ. ಒಂದೇ ಕೊಂಡಿ, ಸದ್ದಿಲ್ಲದೆ ಬಿಚ್ಚುತ್ತದೆ. ಅದರೊಳಗೆ ಟೈರು ಎಬ್ಬಿಸುವ ಎರಡು ಕಬ್ಬಿಣದ ಪಟ್ಟಿ, ಸೊಲ್ಯೂಷನ್, ರಬ್ಬರಿನ ತುಂಡುಗಳು, ಚೂರು ಮರಳು ಕಾಗದ. ಕಬ್ಬಿಣಕ್ಕೆ ಕಬ್ಬಿಣ ತಾಗಿ ಸದ್ದಾಗದ ಹಾಗೆ ಹಳೇ ಬನಿಯನ್ ಬಟ್ಟೆ ಸುತ್ತಿಕೊಟ್ಟ. ದಾರಿಯಲ್ಲಿ ಸೀಟಿನ ಕೆಳಗೆ, ಮನೆಯಲ್ಲಿ ಸೀರೆಯೊಳಗೆ ಸೊಂಟಕ್ಕೆ. ಮಲಗುವಾಗಲೂ ಬಿಚ್ಚಬೇಡ ಎಂದ.

ನಾಲ್ಕು ಸಂಜೆ ಕಲಿಸಿದ. ತಪ್ಪಿದರೆ ಅದೇ ಕಬ್ಬಿಣದ ಪಟ್ಟಿಯಿಂದ ಬೆರಳಿಗೆ ಹೊಡೆಯುತ್ತಿದ್ದ.

“ಗಂಡ ಹೊಡೆಯುದು ಸಾಕಾಗ್ಲಿಲ್ಲ ಅಂತ ನೀವೂ ಶುರು ಮಾಡಿದ್ದಾ?” ಎಂದೆ.

“ಅಂವ ಹೊಡದ್ರ ನೀ ಏನ್ ಕಲೀತಿ?” ಎಂದು ಇನ್ನೊಂದು ಕೊಟ್ಟ.

ನಾನು ಪಟ್ಟಿ ಕಸಿದು ಅವನ ಮೊಣಕೈಗೆ ಬಾರಿಸಿದೆ. ಅವನು ನಕ್ಕದ್ದನ್ನು ಅವತ್ತೇ ಮೊದಲು ನೋಡಿದ್ದು. “ಹಾಂ, ಈಗ ಬಂತು ನೋಡು.”

ಆಮೇಲೆ ಗಂಡ ಚುಚ್ಚಿದ ದಿನಗಳಲ್ಲಿ ಸೈಕಲ್ಲನ್ನು ಮೂಲೆಯ ಹಾಲಿನಂಗಡಿಯ ತನಕ ತಳ್ಳಿಕೊಂಡು ಹೋಗಿ, ಚಕ್ರ ಬಿಚ್ಚದೆಯೇ ಟ್ಯೂಬ್ ಹೊರಗೆಳೆದು ತೇಪೆ ಹಾಕಿ, ಅಲ್ಲೇ ಇಟ್ಟಿದ್ದ ಪಂಪಿನಲ್ಲಿ ಗಾಳಿ ತುಂಬಿ ಹೊರಡುತ್ತಿದ್ದೆ. ಹತ್ತು ನಿಮಿಷದ ಕೆಲಸ. ಎಷ್ಟು ಚುಚ್ಚಿದರೂ ಇವಳು ಹೋಗುತ್ತಾಳಲ್ಲ ಎಂದು ಗಂಡನಿಗೆ ತಲೆ ಕೆಟ್ಟಿತು. ಒಂದು ಭಾನುವಾರ ನನ್ನ ಸೊಂಟಕ್ಕೆ ಒದ್ದಾಗ ಅವರ ಕಾಲಿಗೆ ಚೀಲ ತಾಗಿತು. ಕಿತ್ತು ಬಿಚ್ಚಿ ನೋಡಿದರು. ಕೂದಲು ಹಿಡಿದು ಸೈಕಲ್ ಅಂಗಡಿಯ ತನಕ ಎಳೆದುಕೊಂಡು ಹೋದರು. ಚಾಳಿನವರು ಬಾಗಿಲಲ್ಲಿ ನಿಂತು ನೋಡಿದರು.

“ಇವನೆಯಾ ಕಲಿಸಿದ್ದು? ಇನ್ನೆಂತೆಲ್ಲ ಕಲಿಸಿದ, ಹೇಳು!” ಎಂದು ಗಂಡ ಅಲ್ಲಿದ್ದ ಪಂಪ್ ಎತ್ತಿ ಅವನ ಕಿವಿಗೆ ಹೊಡೆದರು. ರಕ್ತ ಕುತ್ತಿಗೆಗೆ ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ. ತಲೆಕೆಳಗಾಗಿ ನಿಲ್ಲಿಸಿದ್ದ ಸೈಕಲ್ಲಿನ ಚಕ್ರದ ಕಡ್ಡಿಗಳ ನಡುವೆ ಗಂಡನ ಬಲಗೈ ತೂರಿಸಿ ಪೆಡಲ್ ತಿರುಗಿಸಿದ. ಮಣಿಕಟ್ಟು ಮುರಿದ ಸದ್ದು ನನಗೆ ಕೇಳಿಸಿತು.

ಯಾರೋ ಪೊಲೀಸರನ್ನು ಕರೆದರು. ಚೌಕಿಯಲ್ಲಿ ಹವಾಲ್ದಾರ, “ಹಾತ್ ಕೋಣೀ ತೋಡ್ಲಾ?” ಎಂದ. ಕೈ ಮುರಿದವರು ಯಾರು ಎಂದು ಕೇಳಿದ್ದು. ಸೈಕಲಿನವನ ಮೇಲೆ ಮೊದಲೇ ಹೊಡೆದಾಟದ ಕೇಸುಗಳಿದ್ದವು. ಇದೂ ಸೇರಿದರೆ ಜೈಲು. ಗಂಡ ಬಾಯಿ ತೆರೆಯುವ ಮೊದಲೇ ನಾನು, “ನಾನೇ ಮುರಿದದ್ದು, ಬರಕೊಳ್ಳಿ” ಎಂದು ಮರಾಠಿಯಲ್ಲಿ ಹೇಳಿದೆ. ಹವಾಲ್ದಾರ ನಗುತ್ತಾ, ಹೀಗೆಯೇ ಬರೆಯಲಾ ಎಂದು ಗಂಡನನ್ನು ಕೇಳಿದ. ಹೆಂಡತಿ ಕೈ ಮುರಿದಳು ಎಂದು ಕಾಗದದಲ್ಲಿ ಬರೆಸಿಕೊಳ್ಳುವ ಗಂಡಸು ನಮ್ಮ ಜನರಲ್ಲಿ ಹುಟ್ಟಿಲ್ಲ. ಜಾರಿ ಬಿದ್ದೆ ಎಂದು ಬರೆಸಿದರು. ಆ ಕೈ ಮತ್ತೆ ನೆಟ್ಟಗಾಗಲಿಲ್ಲ. ದಬ್ಬಳವನ್ನೂ ಹಿಡಿಯಲಿಲ್ಲ, ನನ್ನ ಕೂದಲನ್ನೂ ಹಿಡಿಯಲಿಲ್ಲ.

ಕೆಲವು ವರ್ಷಗಳ ನಂತರ, ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ ಜಗಳದಲ್ಲಿ ಯಾರೋ ಸೈಕಲಿನವನ ತಲೆಗೆ ಸಲಾಕೆಯಿಂದ ಹೊಡೆದರು. ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಆಸ್ಪತ್ರೆಗೆ ಹೋದೆ. ಮುಖ ಊದಿ ಒಂದೇ ಕಣ್ಣು ತೆರೆದಿತ್ತು.

“ಟೈಮ್ ಎಷ್ಟಾತು?”

“ಐದೂವರೆ.”

“ಮತ್ತ ಇಲ್ಲೇನು ಹೆಣಾ ಕಾಯ್ತಿ? ನಡಿ ಕೆಲಸಕ್ಕ. ಇಲ್ಲಾಂದ್ರ ಎದ್ದು ಒದೀತೀನಿ.”

ಹೋದೆ. ಅವನು ಮಧ್ಯಾಹ್ನ ಸತ್ತ.

ಅವನು ಒಳ್ಳೆಯವನಾ ಎಂದು ಮೊಮ್ಮಗಳು ಕೇಳುತ್ತಾಳೆ. ಅಲ್ಲ ಎನ್ನುತ್ತೇನೆ. ಹೆಂಡತಿಯನ್ನು ಹೊಡೆದು ಓಡಿಸಿದವನು ಒಳ್ಳೆಯವನು ಹೇಗಾಗುತ್ತಾನೆ? ಆದರೆ ಆ ಕ್ಯಾಂಟೀನಿನ ಕೆಲಸವನ್ನು ನಾನು ಹನ್ನೆರಡು ವರ್ಷ ಬಿಡದೆ ಮಾಡಿದೆ. ಇವಳ ತಾಯಿ ಅದೇ ಸಂಬಳದಲ್ಲಿ ಓದಿ ನರ್ಸ್ ಆದಳು. ಅವನ ಹೆಂಡತಿ ಎಲ್ಲಾದರೂ ಎದುರಾದರೆ ಇದನ್ನು ಅವಳಿಗೆ ಹೇಗೆ ಹೇಳುವುದು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.