ಅಭ್ಯಂತರವಿಲ್ಲ ಎಂದ ಮೇಲೆ

ಗಾಜಿನ ಈಚೆಯಿಂದ ನಾನು ಆ ಹುಡುಗಿಗೆ ಕೈ ಬೀಸಿದೆ. ಅವಳು ತಿರುಗಿ ಬೀಸಲಿಲ್ಲ. ಇವತ್ತಿಗೂ ಪಾತ್ರೆ ತೊಳೆಯುವಾಗ, ನಾವಿರುವ ಡಚ್ ಊರು ಆಲ್ಮೆರೆಯಿಂದ ಹೊರಡುವ ರೈಲಿನಲ್ಲಿ ಕಂಬಿ ಹಿಡಿದು ನಿಂತಿರುವಾಗ ಆ ಗಾಜು ಎದುರಿಗೆ ಬಂದು ನಿಲ್ಲುತ್ತದೆ.

ನಾನು ಇಲ್ಲಿನ ವಿಶ್ವವಿದ್ಯಾಲಯವೊಂದರ ಐಟಿ ವಿಭಾಗದಲ್ಲಿದ್ದೇನೆ. ಅವತ್ತು ಬೆಳಿಗ್ಗೆ ಯಾರೋ ನಮ್ಮ ನೆಟ್‌ವರ್ಕಿನೊಳಗೆ ನುಗ್ಗಿ ಸರ್ವರ್‌ಗಳಿಗೆಲ್ಲ ಬೀಗ ಜಡಿದಿದ್ದರು. ಎಲ್ಲರೂ ಇಮೇಲ್ ಹೋಯಿತು, ಪರೀಕ್ಷೆ ಹೋಯಿತು ಎಂದು ಓಡಾಡುತ್ತಿದ್ದರು. ಸಸ್ಯ ವಿಭಾಗದ ಬೆಳೆಕೋಣೆಗಳ ಸ್ಥಿತಿ ತೋರಿಸುವ ಪರದೆ ಮಾತ್ರ, ಎಲ್ಲ ಸರಿಯಿದೆ ಎಂಬಂತೆ, ಹಸಿರಾಗಿಯೇ ಇತ್ತು. ಗಿಡಗಳು ಚೆನ್ನಾಗಿ ಬೆಳೆಯಲೆಂದು ಇಂಗಾಲದ ಡೈಆಕ್ಸೈಡ್ ಬಿಡುವ, ಗಾಳಿಯಾಡದ ಕೋಣೆಗಳವು. ಎಲ್ಲವೂ ಸತ್ತಿರುವಾಗ ಇದೊಂದು ಹೇಗೆ ಬದುಕಿದೆ ಎಂಬ ಅನುಮಾನಕ್ಕೆ ನಡೆದುಕೊಂಡು ಹೋದೆ.

ಅದೂ ಬದುಕಿರಲಿಲ್ಲ. ಸಂಪರ್ಕ ಕಡಿದ ಗಳಿಗೆಯಲ್ಲಿ ಕಂಡ ಹಸಿರನ್ನೇ ತೋರಿಸುತ್ತ ನಿಂತಿತ್ತು. ಅನಿಲದ ಕವಾಟ ತೆರೆದೇ ಇದ್ದು, ಕೋಣೆಯಲ್ಲಿ ಉಸಿರುಗಟ್ಟುವಷ್ಟು ಅನಿಲ ತುಂಬಿತ್ತು. ಅಲಾರಂ ಹೊಡೆಯಬೇಕೆಂಬ ಸಂದೇಶ ಅದೇ ನೆಟ್‌ವರ್ಕಿನಿಂದ ಬರಬೇಕಿತ್ತು, ಬಂದಿರಲಿಲ್ಲ. ಒಳಗೆ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಟೊಮೆಟೊ ಸಸಿಗಳ ನಡುವೆ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ದಣಿದು ಕೂತಿದ್ದಾಳೆ ಎಂದುಕೊಂಡು ಕೈ ಬೀಸಿದೆ.

ಆಮೇಲೆ ಅವಳಿಗೆ ಪ್ರಜ್ಞೆಯಿಲ್ಲವೆಂದು ಹೊಳೆದು, ಬಾಗಿಲು ತೆರೆದು, ಉಸಿರು ಬಿಗಿಹಿಡಿದು, ಕಂಕುಳಿಗೆ ಕೈ ಹಾಕಿ ಎಳೆದು ತಂದೆ. ಬದುಕಿಕೊಂಡಳು. ಈಗ ಎಲ್ಲಿ ಕಂಡರೂ ಅವಳೇ ಮೊದಲು ಕೈ ಬೀಸುತ್ತಾಳೆ. ನಾನು ತಲೆಯಾಡಿಸಿ ಬೇಗ ಮುಂದೆ ಹೋಗುತ್ತೇನೆ.

ನಮ್ಮಲ್ಲಿ ಅಲಾರಂಗಳಿಗೆ ಬೇರೆಯದೇ ತಂತಿ ಎಳೆದರು. ಉಳಿದ ಕಡೆ? ಯುರೋಪಿನ ವಿಶ್ವವಿದ್ಯಾಲಯಗಳ ಐಟಿಯವರೆಲ್ಲ ಸೇರಿ ಕಟ್ಟಿಕೊಂಡ ಸಂಘವೊಂದಿದೆ. ಅದು ಹೊರಡಿಸುವ ಮಾರ್ಗಸೂಚಿಗಳನ್ನು ಎಲ್ಲರೂ ಪಾಲಿಸುತ್ತಾರೆ. ಯಾವ ಮಾರ್ಗಸೂಚಿ ಬೇಕೆಂದು ನಿರ್ಧರಿಸುವುದು ಅದರ ಆಡಳಿತ ಮಂಡಳಿ. ಅಲ್ಲೊಂದು ಸ್ಥಾನ ಖಾಲಿಯಾದಾಗ ಅರ್ಜಿ ಹಾಕಿದೆ. ಜೀವ ಕಾಯುವ ಅಲಾರಂ ನೆಟ್‌ವರ್ಕನ್ನು ನಂಬಿಕೊಂಡಿರಬಾರದು ಎಂಬ ಒಂದೇ ಒಂದು ವಾಕ್ಯವನ್ನು ಅವರಿಂದ ಬರೆಸಬೇಕಿತ್ತು. ನನಗೆ ಬೇರೇನೂ ಬೇಕಿರಲಿಲ್ಲ.

ಅರ್ಜಿ ಓದಿದ ನನ್ನ ಬಾಸ್, "ಹುಡುಗಿಯ ಕತೆ ತೆಗಿ, ರೆಸಿಲಿಯನ್ಸ್ ಅಂತ ಏನಾದರೂ ದೊಡ್ಡ ಪದ ಹಾಕು," ಎಂದರು. ನಾನು ತೆಗೆಯಲಿಲ್ಲ.

ಕೆಲವು ವಾರಗಳ ನಂತರ ಆಯ್ಕೆ ಸಮಿತಿಯ ಮುಖ್ಯಸ್ಥರು ಫೋನ್ ಮಾಡಿದರು. ಡಚ್ಚರು, ಸಭ್ಯ ಮನುಷ್ಯ. ಇನ್ನೊಬ್ಬ ಅಭ್ಯರ್ಥಿ ಇದ್ದಾರೆ, ಬಹಳ ಅನುಭವಿ ಎಂದರು. ಆಮೇಲೆ ನೇರವಾಗಿ, "ಈ ಸ್ಥಾನ ನಿಮಗೆ ನಿಜಕ್ಕೂ ಬೇಕೇ?" ಎಂದು ಕೇಳಿದರು.

ಉಡುಪಿಯ ನಮ್ಮ ಮನೆಯಲ್ಲಿ ಮೊದಲ ಸಲಕ್ಕೇ ಬೇಕು ಎನ್ನುವವರು ಆಸೆಬುರುಕರು. ಬೇಡ ಎನ್ನಬೇಕು, ಬಡಿಸುವವರು ಕೇಳಿಸದವರಂತೆ ಇನ್ನೊಂದು ದೋಸೆ ಹಾಕಬೇಕು. ನಾನೆಂದೆ: "ನನಗಿಂತ ಅರ್ಹರಿದ್ದರೆ ನನ್ನ ಅಭ್ಯಂತರವೇನಿಲ್ಲ." ಅವರ ಒಂದು ಒತ್ತಾಯಕ್ಕಾಗಿ ಕಾದೆ.

"ಇಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್," ಎಂದು ಅವರು ಫೋನ್ ಇಟ್ಟರು.

ಮಂಗಳೂರಿನವನಾದ ನನ್ನ ಗಂಡ ತಲೆ ಚಚ್ಚಿಕೊಂಡ. "ಎಂತ ಮಾರಾಯ್ತಿ ನೀನು! ಅವ್ರೇನು ನಿನ್ನ ಅತ್ತೆಯಾ, ಇನ್ನೊಮ್ಮೆ ಕೇಳ್ಲಿಕ್ಕೆ?"

"ನಾನು ಬೇಡ ಅಂತ ಹೇಳ್ಲೇ ಇಲ್ಲ."

ಮಗಳು ಫೋನಿನಿಂದ ತಲೆಯೆತ್ತದೆ, "ಅಮ್ಮ, ಹಿ ಆಸ್ಕ್ಡ್ ಯೂ. ಯೆಸ್ ಅಂದಿದ್ರೆ ಮುಗೀತಿತ್ತು," ಎಂದಳು.

"ನಿಂಗೆ ಗೊತ್ತಾಗಲ್ಲ ಸುಮ್ನಿರು."

"ನಿಂಗೇ ಗೊತ್ತಾಗಿಲ್ಲ," ಎಂದ ಗಂಡ. "ಇಷ್ಟು ವರ್ಷ ಆಯ್ತು ಈ ಊರಿಗೆ ಬಂದು. ಇವ್ರ ಮನೇಲಿ ಎರಡನೇ ಬಿಸ್ಕತ್ತು ಯಾವತ್ತಾದ್ರೂ ಸಿಕ್ಕಿದ್ದುಂಟಾ ನಿಂಗೆ?"

ಮರುದಿನವೇ ನನಗೆ ಸ್ಥಾನ ಬೇಕೆಂದು ಬರೆದೆ. ಇನ್ನೊಬ್ಬ ಅಭ್ಯರ್ಥಿಯ ಹೆಸರು ಈಗಾಗಲೇ ಸದಸ್ಯರಿಗೆ ಹೋಗಿದೆ ಎಂಬ ಉತ್ತರ ಬಂತು, ವಿಷಾದದ ಒಂದು ಸಾಲಿನೊಂದಿಗೆ.

ಸಂಘದ ವಾರ್ಷಿಕ ಸಭೆ ವಿಮಾನ ನಿಲ್ದಾಣದ ಪಕ್ಕದ ಬಾಡ್‌ಹೂವೆಡಾರ್ಪ್‌ನ ಹೋಟೆಲೊಂದರಲ್ಲಿ ನಡೆಯಿತು. ವಿಮಾನದಲ್ಲಿ ಬರುವವರಿಗೆ ಅನುಕೂಲವೆಂದು. ವೇದಿಕೆಯ ಮೇಲೆ ಒಂದೇ ಹೆಸರು ಓದಿದರು. ಯಾರದಾದರೂ ಆಕ್ಷೇಪವಿದೆಯೇ ಎಂದು ಕೇಳಿದರು. ನಾನು ಏಳಬಹುದಿತ್ತು. ನಾನಿನ್ನೂ ಯೋಚಿಸುತ್ತಿರುವಾಗಲೇ ಚಪ್ಪಾಳೆ ಶುರುವಾಯಿತು, ಸುತ್ತಲಿನವರೆಲ್ಲ ತಟ್ಟುತ್ತಿದ್ದರೆಂದು ನಾನೂ ತಟ್ಟಿದೆ. ಆಯ್ಕೆಯಾದವರು ನಗುತ್ತ ಎದ್ದು, ಕ್ಯಾಂಪಸ್ಸಿನ ಪ್ರತಿಯೊಂದು ಬಾಗಿಲು, ದೀಪ, ಸೆನ್ಸರ್ ಎಲ್ಲವನ್ನೂ ಒಂದೇ ಜಾಲಕ್ಕೆ ಜೋಡಿಸುವುದೇ ತಮ್ಮ ಕನಸು ಎಂದರು. ಅದಕ್ಕೂ ಚಪ್ಪಾಳೆ ಬಿತ್ತು.

ಕಾಫಿಯ ಹೊತ್ತಿಗೆ ಸಮಿತಿಯ ಮುಖ್ಯಸ್ಥರು ಹುಡುಕಿಕೊಂಡು ಬಂದು ಕೈ ಕುಲುಕಿದರು. "ಅಷ್ಟು ದೊಡ್ಡ ಮನಸ್ಸಿನಿಂದ ಹಿಂದೆ ಸರಿದಿರಿ. ಅಪರೂಪ ಅದು," ಎಂದರು. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ನನ್ನ ಪಕ್ಕದಲ್ಲಿ ಬೇರೆ ದೇಶದ ವಿಶ್ವವಿದ್ಯಾಲಯದವರೊಬ್ಬರು ನಿಂತಿದ್ದರು. ಅವರಲ್ಲೂ ಬೆಳೆಕೋಣೆಗಳಿವೆಯೆಂದು ಮಾತಿನ ನಡುವೆ ತಿಳಿಯಿತು. ಖುಷಿಯಿಂದ ಮೊಬೈಲ್ ತೆಗೆದು ತೋರಿಸಿದರು. ಸಾಲುಸಾಲು ಚೌಕಗಳು, ಎಲ್ಲವೂ ಹಸಿರು.

"ಒಂದು ಸಲ ಕೇಬಲ್ ಕಿತ್ತು ನೋಡಿದ್ದೀರಾ, ಹಸಿರು ಹೋಗುತ್ತದೆಯೇ ಎಂದು?"

ಅವರು ನಕ್ಕರು. "ಯಾಕೆ ಕೀಳಬೇಕು? ಚೆನ್ನಾಗಿಯೇ ಇದೆಯಲ್ಲ!"

ನಾನು ಅವರ ತೋಳು ಹಿಡಿದು ಹುಡುಗಿಯ ಕತೆ ಹೇಳತೊಡಗಿದೆ. ಟೊಮೆಟೊ ಸಸಿಗಳವರೆಗೆ ಬರುವಷ್ಟರಲ್ಲಿ ಮುಂದಿನ ಗೋಷ್ಠಿಗೆ ಕರೆ ಬಂತು. ಅವರು ನಯವಾಗಿ ತೋಳು ಬಿಡಿಸಿಕೊಂಡು, ಹಸಿರು ಚೌಕಗಳನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದರು. ಬಾಗಿಲಿಗೆ ಗಾಜಿತ್ತು. ಆಚೆ ಕೂತ ಮೇಲೆ ಅವರು ನನ್ನ ಕಡೆ ತಿರುಗಿ ಕೈ ಬೀಸಿದರು.