ಮರಿಗೆ ಊದಿಸಿದ ಸಂಜೆ

ನಾನು ಚಿಕ್ಕವಳಿದ್ದಾಗ ನನ್ನ ಬಾಯಿಗಿಂತ ಪ್ರಶ್ನೆಗಳೇ ದೊಡ್ಡವಿದ್ದವು. ಬಿಸಿ ಹಾಲಿಗೆ ಊದಿದರೆ ಆರುತ್ತದೆ, ಒಲೆಗೆ ಊದಿದರೆ ಉರಿಯುತ್ತದೆ. ಒಂದೇ ಬಾಯಿ, ಒಂದೇ ಉಸಿರು, ಇದು ಹೇಗೆ? ಕೇಳಿದರೆ ಅವ್ವ, ತಲೆ ತಿನ್ನಬೇಡ, ಒಲೆ ಊದು ಅನ್ನುತ್ತಿದ್ದಳು.

ನಮ್ಮೂರು ತಂಬ್ರಹಳ್ಳಿಯ ಹತ್ತಿರ. ಸಂಜೆ ನಮಾಜು ಮುಗಿಯುವ ಹೊತ್ತಿಗೆ ಮಸೀದಿ ಬಾಗಿಲಲ್ಲಿ ತಾಯಂದಿರು ಜ್ವರ ಬಂದ ಕೂಸುಗಳನ್ನು ಎತ್ತಿಕೊಂಡು ನಿಲ್ಲುತ್ತಿದ್ದರು. ನಮ್ಮಂಥ ಕುರಿ ಕಾಯುವವರ ಮನೆಯವರೂ, ವಿಭೂತಿ ಹಚ್ಚಿದವರೂ ಅಲ್ಲಿರುತ್ತಿದ್ದರು. ಹೊರಬಂದವರು ತುಟಿಯಲ್ಲೇ ಏನೋ ಓದಿ, ಕೂಸಿನ ಮುಖಕ್ಕೆ ಮೆಲ್ಲಗೆ ಊದಿ ಹೋಗುತ್ತಿದ್ದರು. ಆ ಉಸಿರು ಒಳಗೆ ಹೋಗಿ ಏನು ಮಾಡುತ್ತದೆ? ಅದೂ ನನಗೊಂದು ಪ್ರಶ್ನೆ.

ಆ ವರ್ಷ ಅಪ್ಪ ನನಗೆಂದೇ ಕೊಟ್ಟಿದ್ದ ಕುರಿಮರಿಗೆ ಕೆಮ್ಮು ಹತ್ತಿತು. ತಾಯಿ ಸತ್ತ ಮರಿ. ಬಾಟಲಿ ಹಾಲು ಕುಡಿಸಿ ನಾನೇ ಸಾಕಿದ್ದೆ. ಒಂದು ಮಧ್ಯಾಹ್ನ ಅದರ ಪಕ್ಕೆ ಕಮ್ಮಾರನ ತಿದಿಯಂತೆ ಎದ್ದು ಬೀಳತೊಡಗಿತು. ಅಪ್ಪ ಔಷಧಿ ಕುಡಿಸಿ, ಕಿವಿ ಮುಟ್ಟಿ ನೋಡಿ, ಇದು ಬೆಳಗು ಕಾಣುವುದು ಕಷ್ಟ ಎಂದ. ಸಂಜೆ ನಮಾಜಿನ ಹೊತ್ತಿಗೆ ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಓಡಿ, ಮಸೀದಿ ಮುಂದೆ ತಾಯಂದಿರ ಸಾಲಿನಲ್ಲಿ ನಿಂತೆ.

ಕಂಬಳಿಯೊಳಗಿಂದ ಮರಿ ‘ಬ್ಯಾ’ ಎಂದಾಗ ಸಾಲಿಗೆ ಸಾಲೇ ನಕ್ಕಿತು. ಮನುಷ್ಯರ ನಡುವೆ ಕುರಿ ತಂದಿದ್ದಾಳೆ ನೋಡು ಎಂದು ಒಬ್ಬಾಕೆ ಗದರಿದಳು. ನಾನು ಅಳುತ್ತಲೇ ನಿಂತೆ. ನಮಾಜು ಮುಗಿಸಿ ಹೊರಬಂದವರಲ್ಲಿ ಎಲ್ಲರಿಗಿಂತ ಹಿರಿಯರಾದ ಬಿಳಿ ಗಡ್ಡದ ತಾತ ಹತ್ತಿರ ಬಂದು ಕಂಬಳಿ ಸರಿಸಿ ನೋಡಿದರು.

“ಉಸಿರು ಯಾರದಾದ್ರೇನವ್ವಾ, ಉಸಿರೇ ಅಲ್ಲೇನು” ಎಂದು ಮರಿಯ ಮುಖಕ್ಕೆ ಮೂರು ಸಲ ಊದಿದರು. ಆಮೇಲೆ ನನ್ನ ಮುಖಕ್ಕೂ ಊದಿದರು. ಎಲೆಅಡಿಕೆ, ಅತ್ತರು ಎರಡೂ ಬೆರೆತ ವಾಸನೆ. “ನೀನ ಹಿಂಗ ಏದುಸಿರು ಬಿಟ್ರ ಅದೇನು ಕಲೀತೈತಿ? ಎದಿಗೆ ಅವಚಿಕೊಂಡು ಕುಂದ್ರು. ನೀ ನಿಧಾನಕ ಉಸಿರಾಡು.”

ಮನೆಗೆ ಬಂದು ಹಾಗೇ ಕುಳಿತೆ. ನಿಧಾನವಾಗಿ ಉಸಿರೆಳೆದೆ, ನಿಧಾನವಾಗಿ ಬಿಟ್ಟೆ. ಎಷ್ಟೋ ಹೊತ್ತಿನ ಮೇಲೆ ಅದರ ಪಕ್ಕೆಯೂ ನನ್ನ ಎದೆಯ ಜೊತೆಗೇ ಏರಿ ಇಳಿಯತೊಡಗಿತು. ಬೆಳಿಗ್ಗೆ ಕಣ್ಣು ಬಿಟ್ಟರೆ ಮರಿ ನನ್ನ ಲಂಗದ ಅಂಚು ಜಗಿಯುತ್ತಾ ನಿಂತಿತ್ತು! ಅಪ್ಪನ ಔಷಧಿಯೋ, ತಾತ ಊದಿದ್ದೋ, ನನ್ನ ಉಸಿರೋ? ಇಂದಿಗೂ ಗೊತ್ತಿಲ್ಲ ಮಕ್ಕಳೇ.

ಈಗ ಮೊಮ್ಮಗಳ ಮೊಬೈಲಿನಲ್ಲಿ ಒಂದು ನೀಲಿ ಉಂಡೆ ಉಬ್ಬುತ್ತದೆ, ಕುಗ್ಗುತ್ತದೆ. ಅದರ ಜೊತೆಗೆ ಅವಳು ಉಸಿರಾಡುತ್ತಾಳೆ. ಸುಳ್ಳೇಕೆ ಹೇಳಲಿ, ತಾತ ಹೇಳಿದ್ದನ್ನೇ ಅದೂ ಹೇಳುತ್ತದೆ. ನಾನೂ ಪಕ್ಕದಲ್ಲಿ ಕುಳಿತು ಮಾಡುತ್ತೇನೆ. ಆದರೆ ಮೊನ್ನೆ ಪರೀಕ್ಷೆಗೆ ಹೊರಟವಳು ಬಾಗಿಲಿಂದ ತಿರುಗಿ ಬಂದು, ಹಣೆಯ ಕೂದಲು ಸರಿಸಿಕೊಂಡು ನನ್ನ ಮುಂದೆ ನಿಂತಳು.

“ಅಜ್ಜಿ, ಒಂದ್ಸಲ ಊದು.”