ಖಾಲಿ ಗಾಡಿ ಜಿಗಿತೈತಿ

ತುಕ್ಕು ಹಿಡಿದ ನಟ್ಟಿನ ಮೇಲೆ ಚಿಮಣಿ ಎಣ್ಣೆ ಬಿದ್ದಾಗ ಏಳುವ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ನನಗೆ ಮಾತ್ರ ಅದು ಅಪ್ಪನ ವಾಸನೆ. ಮೊನ್ನೆ ಶಿಗ್ಗಾಂವಿಯ ನಮ್ಮ ಮನೆಯ ಹಿತ್ತಲಲ್ಲಿ, ಅಪ್ಪ ಬಿಟ್ಟುಹೋದ ಹಳೇ ಪಿಕಪ್ ಗಾಡಿಯ ಸವೆದ ಶಾಕ್ ಅಬ್ಸಾರ್ಬರ್ ಬದಲಿಸಲು ಕೂತಿದ್ದೆ. ಚಕ್ರ ಬಿಚ್ಚಿ, ಡಬ್ಬಿಯ ತಳದಲ್ಲಿ ಉಳಿದಿದ್ದ ಎಣ್ಣೆಯನ್ನು ನಟ್ಟುಗಳ ಮೇಲೆ ಸುರಿದೆ, ಅಷ್ಟೇ. ಪಾನಾ ಹಿಡಿದ ಕೈ ಹಾಗೇ ನಿಂತುಬಿಟ್ಟಿತು. "ಗುಜರಿಗೆ ಹಾಕ್ರಿ ಅಕ್ಕಾರ, ಎಷ್ಟಂತ ಒದ್ದಾಡ್ತೀರಿ" ಎಂದು ಓಣಿಯವರು ದಿನಾ ಹೇಳುತ್ತಾರೆ. ಹೇಳಲಿ. ಅವರಿಗೇನು ಗೊತ್ತು ಈ ಗಾಡಿ ನಮ್ಮ ಮನೆಗೆ ಏನೇನು ಹೊತ್ತು ತಂದಿದೆ ಅಂತ!

ಆಗ ನಮ್ಮ ಮನೆ ಬಂಕಾಪುರದಲ್ಲಿ, ರಸ್ತೆಗೆ ಆತುಕೊಂಡೇ ಇತ್ತು. ರಸ್ತೆ ಅಗಲವಾದಾಗ ಮನೆ, ಅಂಗಳ, ಅಂಗಳದ ಬೇವಿನ ಮರ ಎಲ್ಲಾ ಹೋದವು. ನನ್ನ ಬಾಲ್ಯದ ಮೇಲೆ ಈಗ ಲಾರಿಗಳು ಓಡಾಡುತ್ತವೆ. ಅಪ್ಪ ಇದೇ ಗಾಡಿಯಲ್ಲಿ ಸವಣೂರಿನ ತೋಟಗಳಿಂದ ವೀಳ್ಯದೆಲೆ ತುಂಬಿಕೊಂಡು ಹಾನಗಲ್ಲು, ಹಿರೇಕೆರೂರಿನ ಸಂತೆಗಳಿಗೆ ಒಯ್ಯುತ್ತಿದ್ದ. ಎಲೆಯ ಪೆಂಡಿಗಳಿಗೆ ಒದ್ದೆ ಗೋಣಿ ಹೊದಿಸಿ, ಮಲಗಿದ ಕೂಸನ್ನು ಹಿಂದಿಟ್ಟುಕೊಂಡವನ ಹಾಗೆ ಗಾಡಿ ಓಡಿಸುತ್ತಿದ್ದ. ಜೋರಾಗಿ ಕುಲುಕಿದರೆ ಎಲೆ ಮೂಗೇಟು ತಿಂದು ಮರುದಿನ ಕಪ್ಪಾಗುತ್ತದೆ. ಸಂಜೆ ಕೋಟೆಯ ಕಡೆ ನವಿಲು ಕೂಗುವ ಹೊತ್ತಿಗೆ ಅವನು ಮನೆಗೆ ಬಂದರೆ ಅಂಗಿಯಿಂದ ಎಲೆಯ ಖಾರದ ಘಮ ಬರುತ್ತಿತ್ತು. ಈಗಲೂ ಯಾರಾದರೂ ತಾಂಬೂಲ ಕೊಟ್ಟರೆ ನಾನು ಮೊದಲು ಮೂಸಿ ನೋಡುತ್ತೇನೆ.

ನಾನು ಐದನೇ ಇಯತ್ತೆಯಲ್ಲಿದ್ದಾಗಿನ ಮಾತು. ಹಿರೇಕೆರೂರಿಗೆ ಕೊಟ್ಟಿದ್ದ ನನ್ನಕ್ಕ ಶಾಂತಕ್ಕನಿಗೆ ಮೊದಲ ಬಸಿರು ನಿಂತಿರಲಿಲ್ಲ. ಎರಡನೆಯದು ಏಳು ತುಂಬಿತ್ತು. ಕುಬಸದ ಶಾಸ್ತ್ರ ಮುಗಿಸಿ ಹೆರಿಗೆಗೆ ತವರಿಗೆ ಕರೆತರಬೇಕು. ಆದರೆ ದಾರಿಯಲ್ಲಿ ಕುಲುಕಾಟ ಕೂಡದು ಎಂದು ಡಾಕ್ಟರಮ್ಮ ಖಡಕ್ಕಾಗಿ ಹೇಳಿದ್ದರು. ಆಗಿನ ರಸ್ತೆಯೋ, ದೇವರಿಗೇ ಪ್ರೀತಿ. "ಯಾರದರ ಕಾರ್ ಕೇಳೋಣ್ರಿ" ಎಂದಳು ಅವ್ವ. "ಮಂದಿ ಹೆಂಗ ಓಡಸ್ತಾರೋ ಯಾರು ಬಲ್ಲರು? ನನ್ನ ಮಗಳನ್ನ ನಾನ ತರ್ತೇನಿ" ಎಂದ ಅಪ್ಪ. ಹಾಗೆಂದವನು ಹೊರಗೆ ಹೋಗಿ ಗಾಡಿಯ ಹಿಂಭಾಗವನ್ನು ಎರಡೂ ಕೈಯಿಂದ ಅದುಮಿ ಬಿಟ್ಟ. ಒಮ್ಮೆ ಎದ್ದು ಸುಮ್ಮನಾಗಬೇಕಿದ್ದ ಗಾಡಿ ಏಳುತ್ತ ಬೀಳುತ್ತ ತೂಗಾಡುತ್ತಲೇ ಇತ್ತು. ಅಪ್ಪನ ಮುಖ ಸಪ್ಪಗಾಯಿತು.

ಮರುದಿನ ಬೇವಿನ ನೆರಳಲ್ಲಿ ಕೆಲಸ ಶುರುವಾಯಿತು. ಜಾಕು ಏರಿಸಿ, ಅದನ್ನೊಂದೇ ನಂಬದೆ ಕೆಳಗೆ ಕಲ್ಲು ಕೊಟ್ಟು, ಅಪ್ಪ ಗೋಣಿತಟ್ಟು ಹಾಸಿಕೊಂಡು ಗಾಡಿಯಡಿ ಮಲಗಿದ. ನಟ್ಟುಗಳು ಎಣ್ಣೆ ಕುಡಿದು ಕುಡಿದು ಕಡೆಗೆ ಕಿರ್ರೆಂದು ಅಲುಗಿದವು. ಹಳೇ ಶಾಕ್ ಅಬ್ಸಾರ್ಬರ್ ಬಿಚ್ಚಿ ನನ್ನ ಕೈಗೆ ಕೊಟ್ಟ. ಎಣ್ಣೆ ಸೋರಿ ಅಂಟಂಟಾಗಿತ್ತು, ಒತ್ತಿದರೆ ಯಾವ ಹಟವೂ ಇಲ್ಲದೆ ಒಳಗೆ ಹೋಯಿತು. ಹೊಸದನ್ನು ನೆಟ್ಟಗೆ ನಿಲ್ಲಿಸಿ ಎಳೆದು, ಒತ್ತಿ, ಮತ್ತೆ ಎಳೆದು ಒಳಗಿನ ಗಾಳಿ ತೆಗೆದ. ಆದರೆ ನಟ್ಟನ್ನು ಪೂರ್ತಿ ಬಿಗಿಯಲಿಲ್ಲ. "ಯಾಕಪ್ಪಾ?" ಎಂದೆ. "ಗಾಡಿ ನೆಲಕ್ಕಿಳದು ತನ್ನ ಭಾರ ತಾ ಹೊತ್ತ ಮ್ಯಾಲ ಕಡೀ ತಿರುವು, ತಂಗೀ. ಮೊದಲ ಬಿಗದರ ರಬ್ಬರ್ ಹರೀತೈತಿ."

ಎಲ್ಲ ಮುಗಿದ ಮೇಲೆ ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ತೊಡೆಯ ಮೇಲೆ ಅಂಚಿನವರೆಗೆ ತುಂಬಿದ ನೀರಿನ ತಂಬಿಗೆ ಕೊಟ್ಟು ಒಂದು ಸುತ್ತು ಹೋಗಿಬಂದ. ಅವ್ವ ಇಳಿದಾಗ ಸೀರೆ ತೊಪ್ಪೆಯಾಗಿತ್ತು. "ಅಡಿಯಾಗಿನ ಈ ಪಟ್ಟಿ ಸ್ಪ್ರಿಂಗು, ಪಾಟಾ, ಲೋಡಿಗಂತ ಮಾಡಿದ್ದು. ಖಾಲಿ ಗಾಡಿ ಜಿಗಿತೈತಿ" ಎಂದು ಅಪ್ಪ ಒಳಗಿನ ಜೋಳದ ಚೀಲಗಳನ್ನು ತಂದು ಹಿಂದೆ ಹೇರಿದ. ಈ ಸಲ ತಂಬಿಗೆಯ ನೀರು ತುಳುಕಲಿಲ್ಲ. ಅವ್ವ ಆ ನೀರನ್ನೇ ಬೇವಿನ ಬುಡಕ್ಕೆ ಹಾಕಿ ಕೈಮುಗಿದಳು.

ಹಿರೇಕೆರೂರಿನಲ್ಲಿ ಕುಬಸ ಚೆಂದವಾಗಿ ಆಯಿತು. ಅಕ್ಕನ ಅತ್ತೆ ನೀಲಮ್ಮ ಎತ್ತರದ ಆಳು, ದನಿಯೂ ಗಡಸು. ಮೊದಲ ಬಸಿರು ಹೋದದ್ದಕ್ಕೆ ಆಕೆ ಅಕ್ಕನನ್ನೇ ದೂರುತ್ತಾಳೆ ಎಂದು ನಾವು ನಂಬಿದ್ದೆವು. ನಾವು ಹೋಳಿಗೆ ಊಟಕ್ಕೆ ಕೂತಿದ್ದಾಗ ಆಕೆಯ ಗಂಡುಮಕ್ಕಳು ಗಾಡಿಯ ಚೀಲಗಳನ್ನೆಲ್ಲ ಇಳಿಸಿ ಒಳಗೊಯ್ದರು. ಕುಬಸಕ್ಕೆ ಬಂದ ತವರಿನವರ ಗಾಡಿಯಲ್ಲಿ ಜೋಳ ಇದ್ದರೆ ಅದು ಕೊಡಲಿಕ್ಕಲ್ಲದೆ ಮತ್ತಿನ್ಯಾತಕ್ಕೆ? "ನಮ್ಮ ಬೀಗರು ಮನಿ ತುಂಬಾ ಜ್ವಾಳ ತಂದಾರ ನೋಡ್ರಿ!" ಎಂದು ಆಕೆ ನೆರೆಯವರಿಗೆ ಸಾರಿದಳು. ಅಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಬೀಗರ ಮನೆಯಲ್ಲಿ, ನಾಲ್ಕು ಮಂದಿಯ ಮುಂದೆ, ಕೊಟ್ಟದ್ದನ್ನು ತಿರುಗಿ ಕೇಳುವುದು ಹೇಗೆ? ಕೇಳದಿದ್ದರೆ ಖಾಲಿ ಗಾಡಿಯಲ್ಲಿ ಮಗಳನ್ನು ಒಯ್ಯುವುದು ಹೇಗೆ? ಅವ್ವನ ಕಣ್ಣು ತುಂಬಿತು. ಅಕ್ಕ ಹಸಿರು ಬಳೆಯ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಅಪ್ಪನನ್ನೇ ನೋಡುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. "ಅವು ನಿಮಗ ಕೊಡಾಕ ತಂದಿದ್ದಲ್ಲ! ಗಾಡಿ ಜಿಗದು ಅಕ್ಕನ ಹೊಟ್ಟಿಗೆ ಪೆಟ್ಟಾಗಬಾರ್ದಂತ ತಂದಿದ್ದು" ಎಂದುಬಿಟ್ಟೆ. ಅವ್ವ ನನ್ನ ತೊಡೆ ಚಿವುಟಿದಳು. ನೀಲಮ್ಮ ಅಪ್ಪನ ಎದುರು ಬಂದು ನಿಂತಳು. "ಇಷ್ಟು ಹೇಳಾಕ ನಾಚಿಕಿ ಏನ್ರಿ ಬೀಗರ? ಹ್ವಾದ ಸಲ ಹೋದದ್ದು ನನ್ನ ಮೊಮ್ಮಗನೂ ಹೌದಲ್ಲ?" ಆ ಗಡಸು ದನಿ ಒಡೆದದ್ದನ್ನು ಅಂದೇ ನಾನು ಮೊದಲು ಕೇಳಿದ್ದು. ಆಮೇಲೆ ಮಕ್ಕಳ ಕಡೆ ತಿರುಗಿ, "ಏರಸ್ರೋ ಚೀಲ, ನಮ್ಮವೂ ಎರಡು ಹಾಕ್ರಿ" ಎಂದಳು. ಚೀಲದ ಮೇಲೆ ಕೌದಿ ಹಾಸಿ ತಾನೂ ಹತ್ತಿ ಕೂತಳು. "ನೀವ್ಯಾಕ್ರೀ ಅಕ್ಕಾರ?" ಎಂದು ಅಪ್ಪ ಗಾಬರಿಯಾದ. "ಜ್ವಾಳಕ್ಕಿಂತ ನಾ ಹೆಚ್ಚ ತೂಗತೇನಿ. ಹಗೂರ ಹೊಡೀರಿ" ಎಂದಳು. ಅಳುತ್ತಿದ್ದ ಅಕ್ಕನಿಗೂ ನಗು ಬಂತು. ಬಂಕಾಪುರದವರೆಗೂ ಆಕೆ ನನ್ನನ್ನು ಪಕ್ಕಕ್ಕೆ ಅವಚಿಕೊಂಡು, ಪ್ರತಿ ತಗ್ಗಿಗೂ ಶಿವಶಿವಾ ಅನ್ನುತ್ತ ಬಂದಳು. ಮುಂದೆ ಅಕ್ಕನಿಗೆ ಹೆಣ್ಣು ಹುಟ್ಟಿತು. ಗೌರಿ ಎಂದು ಹೆಸರಿಟ್ಟೆವು.

ನೀಲಮ್ಮ ಈಗಿಲ್ಲ. ಅಪ್ಪನೂ ಇಲ್ಲ. ಅಪ್ಪ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಬೇರೆ ಗಾಡಿ ಬೇಡವೆಂದು ನಾನೇ ಅವನನ್ನು ಈ ಪಿಕಪ್ಪಿನಲ್ಲಿ ಬಂಕಾಪುರಕ್ಕೆ ತಂದೆ. ಹಿಂದೆ ಅವ್ವ ಒಬ್ಬಳೇ ಅವನ ಪಕ್ಕದಲ್ಲಿ ಕೂತಿದ್ದಳು. ಉಳಿದವರು ಇನ್ನೊಂದು ಗಾಡಿಯಲ್ಲಿ ಬರುತ್ತಿದ್ದರು. ತಡಸದ ಹತ್ತಿರ ಅವ್ವ ಹಿಂದಿನ ಗಾಜು ಬಡಿದಳು. ನಿಲ್ಲಿಸಿ ಇಳಿದು ಹೋದೆ. "ಖಾಲಿ ಗಾಡಿ ಐತಲ್ಲವಾ. ಅವರಿಗೆ ಬಡ್ಯಾಕತ್ತೈತಿ" ಎಂದಳು. ಸತ್ತವರಿಗೆ ಎಂಥ ಪೆಟ್ಟು ಎಂದು ಯಾರೂ ಅನ್ನಲಿಲ್ಲ. ಅಕ್ಕ ಇಳಿದು ಬಂದು ಹಿಂದೆ ಹತ್ತಿದಳು, ಭಾವ ಹತ್ತಿದ, ಉಳಿದ ಬಳಗವೂ ಹತ್ತಿತು. ಗೌರಿ ಹತ್ತಿ ಅಪ್ಪನ ತಲೆಯನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಗಾಡಿ ಪಾಟಾದ ಮೇಲೆ ಮೆಲ್ಲಗೆ ಕುಸಿದು ಕೂತಿತು.

ಎಲೆ ಹೊತ್ತ ದಿನಗಳಲ್ಲಿ ಅಪ್ಪ ಓಡಿಸುತ್ತಿದ್ದ ಹಾಗೆಯೇ ಓಡಿಸಿದೆ. ಅಂಗಳದಲ್ಲಿ ಆಗಿನ್ನೂ ಉಳಿದಿದ್ದ ಬೇವಿನ ಮರದಡಿ ನಿಲ್ಲಿಸಿದಾಗ ಗೌರಿ ತೊಡೆ ಸರಿಸದೆ ನನ್ನನ್ನು ಕರೆದಳು. "ಚಿಗವ್ವಾ, ಅಜ್ಜನ ತಲಿ ಒಂದೀಟೂ ಅಲಗಲಿಲ್ಲ ನೋಡು."